ಎರೆಭೂತದ ಪರ ವಾದಿಸಿದ ಸಲೀಂ ಅಲಿ

ನವಿಲು ಭಾರತದ ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. ಅದಕ್ಕೆ ಮುನ್ನ ನಡೆದ ಚರ್ಚೆಯಲ್ಲಿ ಇನ್ನೊಂದು ಹಕ್ಕಿಯ ಹೆಸರೂ ಗಂಭೀರವಾಗಿ ಕೇಳಿಬಂದಿತ್ತು ಎಂಬುದು ಇಂದು ಹೆಚ್ಚಿನವರ ನೆನಪಿನಲ್ಲಿಲ್ಲ. ಅದು ನಮ್ಮ ಬಯಲುಸೀಮೆಯ ಜನ ಎರೆಭೂತ ಎಂದು ಕರೆಯುವ, ರಾಜಸ್ಥಾನದವರು ಗೋಡಾವಣ್ ಎನ್ನುವ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೆಸರಾದ ಹಕ್ಕಿ. ಅದರ ಪರ ನಿಂತವರು ಡಾ. ಸಲೀಂ ಅಲಿ. ಗಾತ್ರದಲ್ಲಿ ದೊಡ್ಡದು, ಬೇರಾವುದರೊಂದಿಗೂ ಗೊಂದಲವಾಗದ್ದು, ಈ ನೆಲಕ್ಕೇ ಸೇರಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ತುರ್ತಾಗಿ ರಕ್ಷಣೆ ಬೇಕಾದದ್ದು ಎಂಬುದು ಅವರ ನಿಲುವು. ನವಿಲಿಗೆ ಪುರಾಣದ ಆಸರೆಯಿತ್ತು, ಕಾವ್ಯದ ಆಸರೆಯಿತ್ತು, ಷಣ್ಮುಖನ ಆಸರೆಯಿತ್ತು. ಎರೆಭೂತಕ್ಕೆ ಇದ್ದದ್ದು ಸಲೀಂ ಅಲಿಯೊಬ್ಬರೇ. ಬಸ್ಟರ್ಡ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆ ಎಂಬ ಅಳುಕೂ ಅದರ ಸೋಲಿಗೆ ಕಾರಣವಾಯಿತು ಎಂಬ ಮಾತು ಪಕ್ಷಿಪ್ರಿಯರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ.

ಆ ಸೋಲಿನ ಬೆಲೆ ಎಷ್ಟೆಂದು ಹೇಳುವುದು ಕಷ್ಟ. 1969ರ ಸುಮಾರಿಗೆ ದೇಶದಲ್ಲಿ 1,260ರಷ್ಟು ಎರೆಭೂತಗಳಿದ್ದವೆಂಬ ಅಂದಾಜಿತ್ತು. ಇಂದು ಅವುಗಳ ಸಂಖ್ಯೆ ನೂರೈವತ್ತನ್ನೂ ಮುಟ್ಟುವುದಿಲ್ಲ. ಉಳಿದವುಗಳಲ್ಲಿ ಬಹುಪಾಲು ಜೈಸಲ್ಮೇರಿನ ಥಾರ್ ಮರುಭೂಮಿಯಲ್ಲಿವೆ. ಬೇಟೆ, ಬೀದಿನಾಯಿ, ಹುಲ್ಲುಗಾವಲಿನ ಒತ್ತುವರಿ ಎಲ್ಲವೂ ಇದಕ್ಕೆ ಕಾರಣವಾಗಿವೆ. ಆದರೆ ಕಳೆದ ಎರಡು ದಶಕಗಳಲ್ಲಿ ಇವೆಲ್ಲವನ್ನೂ ಹಿಂದಿಕ್ಕಿ ಮುಂದೆ ಬಂದಿರುವ ಅಪಾಯವೆಂದರೆ ವಿದ್ಯುತ್ ತಂತಿ. ಸಲೀಂ ಅಲಿಯವರ ಬದುಕನ್ನು ಈಗ ಮತ್ತೊಮ್ಮೆ ನೆನೆಯಲು ಈ ತಂತಿಯೇ ಕಾರಣ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬವೊಂದರಲ್ಲಿ, ಒಂಬತ್ತು ಮಕ್ಕಳಲ್ಲಿ ಕೊನೆಯವರಾಗಿ. ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ, ಮೂರು ವರ್ಷಕ್ಕೆ ತಾಯಿಯೂ ಇಲ್ಲ. ಸಾಕಿ ಬೆಳೆಸಿದವರು ಖೇತವಾಡಿಯ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ. ಮಾವ ಬೇಟೆಯ ಶೋಕಿಯವರು. ಹುಡುಗನ ಕೈಗೂ ಏರ್‌ಗನ್ ಬಂತು. ಅದರಿಂದ ಹೊಡೆದುರುಳಿಸಿದ ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಸಂದೇಹಗೊಂಡು, ಅದನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದದ್ದು, ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಆ ಬಾಲಕನಿಗೆ ಒಣಗಿಸಿಟ್ಟ ಹಕ್ಕಿಗಳ ಖಾನೆಗಳನ್ನು ಒಂದೊಂದಾಗಿ ತೆರೆದು ತೋರಿಸಿದ್ದು ನಮ್ಮ ಶಾಲಾ ಪಠ್ಯಗಳ ಮೂಲಕವೂ ಪರಿಚಿತವಾದ ಕಥೆ. ಬೇಟೆಗಾರನ ಕಣ್ಣು ಪಕ್ಷಿವಿಜ್ಞಾನಿಯ ಕಣ್ಣಾದದ್ದು ಅಲ್ಲಿಂದ ಮುಂದೆ, ನಿಧಾನವಾಗಿ.

ಓದಿನಲ್ಲಿ ಅವರು ಮುಂದಿದ್ದವರಲ್ಲ. 1913ರಲ್ಲಿ ಹೇಗೋ ಮೆಟ್ರಿಕ್ಯುಲೇಷನ್ ಮುಗಿಯಿತು. ಬರ್ಮಾದ ತವಾಯ್‌ನಲ್ಲಿ ಕುಟುಂಬದ ಗಣಿ ಹಾಗೂ ಮರದ ವ್ಯಾಪಾರ ನೋಡಿಕೊಳ್ಳಲು ಹೋದವರಿಗೆ ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಹಿಡಿಸಿತು. ಮರಳಿ ಬಂದು 1918ರಲ್ಲಿ ತೆಹಮಿನಾ ಅವರನ್ನು ವರಿಸಿದರು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಗೈಡ್ ಉಪನ್ಯಾಸಕನ ಕೆಲಸ. ಎರಡು ವರ್ಷಗಳ ಬಳಿಕ ರಜೆ ಪಡೆದು ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಅಧ್ಯಯನ. 1930ರಲ್ಲಿ ಹಿಂದಿರುಗಿದಾಗ ಹಣವಿಲ್ಲವೆಂಬ ಕಾರಣಕ್ಕೆ ಆ ಹುದ್ದೆಯೇ ರದ್ದಾಗಿತ್ತು. ನಿರುದ್ಯೋಗಿ ದಂಪತಿಗಳು ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಹತ್ತಿರವೇ ಗೂಡು ಕಟ್ಟುತ್ತಿದ್ದ ಗೀಜಗಗಳನ್ನು ದಿನವಿಡೀ ನೋಡುತ್ತ ಕುಳಿತು ಬರೆದ ಪ್ರಬಂಧ ಅವರಿಗೆ ಹೆಸರು ತಂದಿತು.

ಅವರ ಮುಂದಿನ ಇಪ್ಪತ್ತು ವರ್ಷಗಳು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಸಂಬಳ ಕೊಡುವ ಸಂಸ್ಥೆ ಯಾವುದೂ ಇರಲಿಲ್ಲ. ಸಂಸ್ಥಾನಗಳಿಗೆ ಪತ್ರ ಬರೆದು, ಶಿಬಿರದ ಖರ್ಚು ಮತ್ತು ಸಾಗಾಟದ ವ್ಯವಸ್ಥೆ ನೋಡಿಕೊಂಡರೆ ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು ಕೇಳಿಕೊಳ್ಳುವುದು ಅವರ ಕ್ರಮವಾಯಿತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಬಹಾವಲ್ಪುರ, ಕಛ್ ಹೀಗೆ ಒಂದಾದ ಮೇಲೊಂದು ಸೀಮೆಯನ್ನು ಎತ್ತಿನ ಗಾಡಿಯಲ್ಲಿ, ಒಂಟೆಯ ಮೇಲೆ, ಬಹುಪಾಲು ಕಾಲ್ನಡಿಗೆಯಲ್ಲಿ ಸುತ್ತಿದರು. ಯಾವ ಹಕ್ಕಿ, ಎಲ್ಲಿ, ಯಾವ ಋತುವಿನಲ್ಲಿ, ಎಂಥ ನೆಲದಲ್ಲಿ, ಏನು ತಿನ್ನುತ್ತ, ಎಲ್ಲಿ ಮೊಟ್ಟೆಯಿಡುತ್ತ ಎಂಬ ವಿವರ ಟಿಪ್ಪಣಿ ಪುಸ್ತಕಗಳಲ್ಲಿ ತುಂಬಿಕೊಂಡಿತು. ಇದು ಆಗಿನ ಕಾಲಕ್ಕೆ ಹೊಸದು. ಅದಕ್ಕೆ ಹಿಂದಿನ ಪಕ್ಷಿತಜ್ಞರಿಗೆ ಸತ್ತ ಹಕ್ಕಿಯ ಅಳತೆ ಮುಖ್ಯವಾಗಿದ್ದರೆ, ಇವರಿಗೆ ಜೀವಂತ ಹಕ್ಕಿಯ ವಿಳಾಸ ಮುಖ್ಯವಾಯಿತು. ಹಾಗೆಂದು ಅವರು ಬಂದೂಕನ್ನು ಕೆಳಗಿಟ್ಟವರಲ್ಲ. ಸಂಗ್ರಹಕ್ಕಾಗಿ ಹಕ್ಕಿಗಳನ್ನು ಹೊಡೆಯುವುದನ್ನು ಅವರು ಕೊನೆಯವರೆಗೂ ಸಮರ್ಥಿಸಿಕೊಂಡರು; ಅತಿಭಾವುಕತೆಯಿಂದ ವನ್ಯಜೀವಿಗೆ ಉಪಕಾರವಿಲ್ಲವೆಂಬುದು ಅವರ ದೃಢ ಅಭಿಪ್ರಾಯವಾಗಿತ್ತು.

1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ತೆಹಮಿನಾ ತೀರಿಕೊಂಡರು. ಅವರು ಪತ್ನಿಯಷ್ಟೇ ಆಗಿರಲಿಲ್ಲ, ಶಿಬಿರಗಳ ಒಡನಾಡಿಯೂ ಆಗಿದ್ದರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಆ 1939–40ರ ಅವಧಿಯಲ್ಲೇ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗೂಡುಕಟ್ಟುವುದನ್ನು ಗಮನಿಸಿ ಅವರು ನೀಡಿದ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅದೇ ಕಾವೇರಿ ಇನ್ನಷ್ಟು ಕೆಳಗೆ ಶಿವನಸಮುದ್ರದಲ್ಲಿ ಧುಮ್ಮಿಕ್ಕಿ, 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳುಹಿಸುತ್ತಿತ್ತು. ದೇಶದ ಮೊದಲ ದೂರಗಾಮಿ ವಿದ್ಯುತ್ ಮಾರ್ಗಗಳಲ್ಲೊಂದು ನಮ್ಮ ನೆಲದ್ದು ಎಂಬ ಹೆಮ್ಮೆ ನಮಗಿದೆ. ಆ ಕಂಬಗಳನ್ನು ನೆಡುವಾಗ ದಾರಿಯಲ್ಲಿ ಯಾವ ಜೀವಿಗಳಿವೆ ಎಂದು ಕೇಳಬೇಕೆಂದು ಯಾರಿಗೂ ಹೊಳೆಯದಿದ್ದರೆ ಅಚ್ಚರಿಯಿಲ್ಲ. ನೂರಿಪ್ಪತ್ತು ವರ್ಷಗಳ ಬಳಿಕವೂ ಕೇಳದಿರುವುದು ಅಚ್ಚರಿಯ ಸಂಗತಿ.

ಏಕೆಂದರೆ ನಮ್ಮಲ್ಲಿ ಇಂದಿಗೂ ವಿದ್ಯುತ್ ಪ್ರಸರಣ ಮಾರ್ಗಗಳು 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪಟ್ಟಿಯಲ್ಲಿಲ್ಲ. ಮಾರ್ಗವು ಅರಣ್ಯ ಇಲಾಖೆಯ ಭೂಮಿಯನ್ನು ಹಾದರೆ ಅನುಮತಿ ಬೇಕು. ಅಭಯಾರಣ್ಯವನ್ನು ಹಾದರೆ ವನ್ಯಜೀವಿ ಮಂಡಳಿಯ ಮುಂದೆ ಹೋಗಬೇಕು. ಎರೆಭೂತ ಬದುಕುವುದು ಎಲ್ಲಿ? ಒಣ ಹುಲ್ಲುಗಾವಲಿನಲ್ಲಿ, ಬೀಳು ಹೊಲಗಳಲ್ಲಿ, ದೇವರ ಹೆಸರಿನಲ್ಲಿ ಬಿಟ್ಟ ರಾಜಸ್ಥಾನದ ಓರಣಗಳಲ್ಲಿ. ಕಂದಾಯ ದಾಖಲೆಯಲ್ಲಿ ಇವುಗಳಲ್ಲಿ ಬಹುಪಾಲು ಬಂಜರು. ಬಂಜರಿನಲ್ಲಿ ಯಾರೂ ಇಲ್ಲವೆಂದು ಕಡತ ತಾನಾಗಿಯೇ ತೀರ್ಮಾನಿಸುತ್ತದೆ. ಜೈಸಲ್ಮೇರಿನ ದೇಗರಾಯ ಮಾತೆಯ ಓರಣದಲ್ಲಿ 2020ರಲ್ಲಿ ಹೈಟೆನ್ಷನ್ ತಂತಿಯ ಕೆಳಗೆ ಎರೆಭೂತವೊಂದು ಸತ್ತು ಬಿದ್ದಿದ್ದು ಅಂಥ ಒಂದು ನೆಲದಲ್ಲಿಯೇ.

ಹಕ್ಕಿಯ ಕಡೆಯಿಂದಲೂ ಇದನ್ನು ಸ್ವಲ್ಪ ನೋಡಬೇಕು. ಗಂಡು ಎರೆಭೂತ ಹದಿನೈದು ಕಿಲೊವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ವಿರಳ. ಅಂಥ ದೇಹವನ್ನು ಗಾಳಿಯಲ್ಲಿ ತಟ್ಟನೆ ಮೇಲಕ್ಕೋ ಪಕ್ಕಕ್ಕೋ ತಿರುಗಿಸಲಾಗದು. ಅದರ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿವೆ. ಶತ್ರು ಯಾವ ದಿಕ್ಕಿನಿಂದ ಬಂದರೂ ಕಾಣಲೆಂದು ಬಯಲಿನ ಬದುಕು ರೂಪಿಸಿದ ಈ ಕಣ್ಣುಗಳಿಗೆ ನೇರ ಎದುರಿನ ನೋಟ ಕಿರಿದು. ಹಾರುವಾಗ ನೆಲ ನೋಡಲು ತಲೆ ಬಾಗಿಸಿದರಂತೂ ಮುಂದಿನದೇನೂ ಕಾಣದು. ಪ್ರಸರಣ ಗೋಪುರಗಳ ತುದಿಯಲ್ಲಿ ಸಿಡಿಲಿನ ರಕ್ಷಣೆಗಾಗಿ ಎಳೆದಿರುವ ತೆಳುವಾದ ತಂತಿ ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿ. ಕೆಳಗಿನ ದಪ್ಪ ತಂತಿಗಳನ್ನು ಕಂಡು ಮೇಲೇರಿದ ಹಕ್ಕಿಯೂ ಈ ತೆಳು ತಂತಿಗೆ ಬಡಿಯುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ, ದೀರ್ಘಾಯುಷಿಯಾದ ಜೀವಿಯಲ್ಲಿ ಬೆಳೆದ ಹಕ್ಕಿಯೊಂದು ಸತ್ತರೆ ಆ ನಷ್ಟ ವರ್ಷಗಟ್ಟಲೆ ತುಂಬದು. ಭಾರತೀಯ ವನ್ಯಜೀವಿ ಸಂಸ್ಥೆಯ 2018ರ ವರದಿಯ ಅಂದಾಜಿನಂತೆ ಥಾರ್‌ನ ಸುಮಾರು 4,200 ಚದರ ಕಿಲೊಮೀಟರ್ ಪ್ರದೇಶವೊಂದರಲ್ಲೇ ತಂತಿಗಳಿಂದ ವರ್ಷಕ್ಕೆ 84,000ದಷ್ಟು ವಿವಿಧ ಹಕ್ಕಿಗಳು ಸಾಯುತ್ತವೆ.

ಸಲೀಂ ಅಲಿ ಅಚ್ಚರಿಯಿಂದ ನೋಡಿ ಬರೆದ ಇನ್ನೊಂದು ಸೀಮೆಗೂ ಇದೇ ಗತಿ ಬಂತು. 1945ರಲ್ಲಿ ಅವರು ಕಛ್‌ನ ದೊಡ್ಡ ರಣದ ಉಪ್ಪುಕೆಸರನ್ನು ದಾಟಿ, ಲಕ್ಷಾಂತರ ರಾಜಹಂಸಗಳು ಮಣ್ಣಿನ ದಿಬ್ಬದಂಥ ಗೂಡು ಕಟ್ಟಿ ಮರಿ ಮಾಡುವ ತಾಣಕ್ಕೆ ಹೋಗಿಬಂದರು. ಆ ಪಯಣ ಭಾರತದ ಪಕ್ಷಿಶಾಸ್ತ್ರದಲ್ಲೊಂದು ಮೈಲಿಗಲ್ಲು. ಅದೇ ಕಛ್‌ನ ಖಡೀರ್ ಪ್ರದೇಶದಲ್ಲಿ 2011ರಲ್ಲಿ ನೂರಾರು ರಾಜಹಂಸಗಳು ವಿದ್ಯುತ್ ತಂತಿಗೆ ಬಡಿದು ಸತ್ತವು. ಕಛ್‌ನ ಎರೆಭೂತವಂತೂ ಬೆರಳೆಣಿಕೆಯ ಹೆಣ್ಣುಗಳಷ್ಟೇ ಉಳಿದ ಸ್ಥಿತಿಗೆ ಇಳಿಯಿತು.

ಸ್ವಾತಂತ್ರ್ಯಾನಂತರ ಸಲೀಂ ಅಲಿ ದೇಶದ ದೊಡ್ಡ ದನಿಯಾದರು. 1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಮನೆಮನೆಗೆ ಹೋಯಿತು. ಅಮೆರಿಕದ ಡಿಲನ್ ರಿಪ್ಲೆಯವರೊಂದಿಗೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಪ್ರಕಟವಾಯಿತು. ನಮ್ಮ ಸೊರಬ ಸೀಮೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ವಲಸೆ ಹಕ್ಕಿಗಳು ಹೊತ್ತು ತಂದ ಉಣ್ಣೆಗಳಿಂದ ಅದು ಬಂದಿರಬಹುದೇ ಎಂಬ ಸಂದೇಹ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿಯನ್ನು ಅರಿಯುವ ದೊಡ್ಡ ಕಾರ್ಯಕ್ರಮಕ್ಕೆ ಅವರು ನೇತೃತ್ವ ವಹಿಸಿದ್ದಕ್ಕೆ ಆ ಸಂದೇಹವೂ ಕಾರಣ. ಹಕ್ಕಿಗೆ ಆಕಾಶದಲ್ಲೂ ಗೊತ್ತಾದ ದಾರಿಗಳಿವೆ ಎಂಬ ತಿಳಿವಳಿಕೆ ನಮಗೆ ಇಂಥ ಕೆಲಸಗಳಿಂದ ಬಂದದ್ದು. ನಡುವೆ ಮೋಟಾರ್‌ಸೈಕಲ್ ಹುಚ್ಚೂ ಇತ್ತು: 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪಕ್ಷಿತಜ್ಞರ ಮಹಾಸಭೆಗೆ ಅವರು ಬೈಕ್ ಏರಿಯೇ ಹೋಗಿದ್ದರು.

ಅವರ ಹೋರಾಟಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಭರತಪುರದ ಜೌಗು ಕೃಷಿಭೂಮಿಯಾಗಬೇಕೆಂಬ ಒತ್ತಡ ಬಂದಾಗ ಅವರು ನೇರವಾಗಿ ನೆಹರೂ ಅವರವರೆಗೆ ಹೋದರು. ನೀರು ಬತ್ತಿಸುವ ಮೊದಲೇ ಅದು ಉಳಿಯಿತು. ಕೇರಳದ ಮೌನಕಣಿವೆಯಲ್ಲಿ 120 ಮೆಗಾವಾಟ್ ಜಲವಿದ್ಯುತ್ ಯೋಜನೆ ಬಂದಾಗ ಎಂಬತ್ತು ದಾಟಿದ ಈ ವೃದ್ಧರು ಅಲ್ಲಿಗೆ ಹೋಗಿಬಂದು, ಯೋಜನೆ ಕೈಬಿಡುವಂತೆ ಮನವಿ ಮಾಡಿದರು. 1983ರಲ್ಲಿ ಯೋಜನೆ ನಿಂತಿತು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ಅವರು ವಿದ್ಯುತ್ತಿನ ವಿರೋಧಿಯಾಗಿರಲಿಲ್ಲ. ಆದರೆ ತೀರ್ಮಾನ ಕಾಗದದ ಮೇಲಿರುವಾಗಲೇ ಮಧ್ಯೆ ಪ್ರವೇಶಿಸುತ್ತಿದ್ದರು, ಹಾಗೂ ಪ್ರವೇಶಿಸುವಾಗ ಆ ನೆಲದಲ್ಲಿ ಏನಿದೆ ಎಂಬ ಪಟ್ಟಿ ಅವರ ಕೈಯಲ್ಲಿರುತ್ತಿತ್ತು.

ಎಲ್ಲವೂ ಸರಿಯಾಗಿತ್ತೆಂದಲ್ಲ. 1982ರಲ್ಲಿ ಭರತಪುರದಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದಾಗ ಗಲಭೆಯಾಗಿ, ಗೋಲಿಬಾರ್‌ನಲ್ಲಿ ಹಳ್ಳಿಗರು ಪ್ರಾಣ ಕಳೆದುಕೊಂಡರು. ಸಲೀಂ ಅಲಿ ಆ ನಿಷೇಧದ ಪರವಾಗಿದ್ದರು. ಎಮ್ಮೆಗಳಿಲ್ಲದೆ ಹುಲ್ಲು ಮಿತಿಮೀರಿ ಬೆಳೆದು ನೀರಿನ ತಾಣಗಳು ಮುಚ್ಚಿಹೋಗುತ್ತವೆ ಎಂಬುದು ಅವರದೇ ಸೊಸೈಟಿಯ ದೀರ್ಘಕಾಲದ ಅಧ್ಯಯನದಿಂದ ನಂತರ ತಿಳಿಯಿತು. ಎರೆಭೂತಕ್ಕೂ ಇದರಿಂದ ಪಾಠವಿತ್ತು. ಮಧ್ಯಪ್ರದೇಶದ ಕರೇರಾದಲ್ಲಿ ಈ ಹಕ್ಕಿಗೆಂದೇ 1981ರಲ್ಲಿ ಅಭಯಾರಣ್ಯ ಮಾಡಿ, ಅದರೊಳಗಿನ ರೈತರು ಜಮೀನು ಮಾರಲಾಗದಂತೆ ಕಟ್ಟಿಹಾಕಲಾಯಿತು; ಜನ ಹಕ್ಕಿಯ ಮೇಲೆಯೇ ಮುನಿದರು; 1990ರ ದಶಕದಲ್ಲಿ ಅಲ್ಲಿ ಹಕ್ಕಿಯೇ ಇಲ್ಲವಾಯಿತು. ನಮ್ಮ ರಾಣೆಬೆನ್ನೂರಿನಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಟ್ಟು ಅದಕ್ಕೆ ಕಾಡು ಎಂದು ಹೆಸರಿಟ್ಟೆವು. ಅಲ್ಲಿಂದಲೂ ಎರೆಭೂತ ಹೋಯಿತು.

1979ರ ಆಸುಪಾಸಿನಲ್ಲಿ ಅರಬ್ ರಾಜಮನೆತನದವರು ರಾಜಸ್ಥಾನದಲ್ಲಿ ಗಿಡುಗ ಬಿಟ್ಟು ಎರೆಭೂತದ ಬಳಗದ ಹಕ್ಕಿಗಳನ್ನು ಬೇಟೆಯಾಡಲು ಬಂದಾಗ ದೊಡ್ಡ ಪ್ರತಿಭಟನೆಯಾಯಿತು. 1980ರಲ್ಲಿ ಜೈಪುರದಲ್ಲಿ ಈ ಕುಲದ ಹಕ್ಕಿಗಳ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ಗೋಡಾವಣ್ ರಾಜಸ್ಥಾನದ ರಾಜ್ಯಪಕ್ಷಿಯಾಯಿತು; ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅದರ ಅಧ್ಯಯನಕ್ಕೆ ಹಲವು ವರ್ಷಗಳ ಯೋಜನೆ ಕೈಗೆತ್ತಿಕೊಂಡಿತು. ಎರಡು ದಶಕಗಳ ಹಿಂದೆ ಸೋತ ವಾದಕ್ಕೆ ದೊರೆತ ತಡವಾದ ಸಮಾಧಾನವಿದು ಎನ್ನಬಹುದು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ ಬಂದವು. ಗೆಟ್ಟಿ ಪ್ರಶಸ್ತಿಯ ಹಣವನ್ನು ಅವರು ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟಿದ್ದರು. 1987ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ನಿಧನರಾದರು. ಥಾರ್‌ನ ಬಿಸಿಲು ಮತ್ತು ಗಾಳಿ ದೇಶಕ್ಕೆ ಚಿನ್ನದ ಗಣಿಯಾಗಿ ಕಾಣತೊಡಗಿದ್ದು ಅದಾದ ಮೇಲೆ.

ಮುಂದಿನ ಕಥೆ ನ್ಯಾಯಾಲಯದ್ದು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಎರೆಭೂತದ ಆವಾಸದಲ್ಲಿ ಕಾರ್ಯಸಾಧ್ಯವಿರುವೆಡೆ ತಂತಿಗಳನ್ನು ನೆಲದಡಿಗೆ ಇಳಿಸುವಂತೆ ಆದೇಶಿಸಿತು. ಅದು ಅನ್ವಯಿಸುತ್ತಿದ್ದ ಪ್ರದೇಶ ಸುಮಾರು 99,000 ಚದರ ಕಿಲೊಮೀಟರ್. ಸೌರವಿದ್ಯುತ್ ಕಂಪನಿಗಳೂ ಸರ್ಕಾರವೂ ತಕರಾರು ಎತ್ತಿದವು. ಅದರಲ್ಲಿ ಹುರುಳಿಲ್ಲದಿರಲಿಲ್ಲ: 33 ಕಿಲೊವೋಲ್ಟ್ ಮಾರ್ಗವನ್ನು ಹೂಳುವುದು ಸಾಧ್ಯ, ಆದರೆ 400 ಅಥವಾ 765 ಕಿಲೊವೋಲ್ಟ್ ಮಾರ್ಗವನ್ನು ದೂರದೂರ ನೆಲದೊಳಗೆ ಒಯ್ಯುವುದು ತಾಂತ್ರಿಕವಾಗಿ ಕಠಿಣ, ವೆಚ್ಚವೂ ಹಲವು ಪಟ್ಟು. ಕಲ್ಲಿದ್ದಲು ಬಿಡಲು ಸೌರಶಕ್ತಿ ಬೇಕು ಎಂಬುದೂ ನಿಜ. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ಸಾರ್ವತ್ರಿಕ ಆದೇಶವನ್ನು ಹಿಂದೆಗೆದುಕೊಂಡು ತಜ್ಞರ ಸಮಿತಿ ನೇಮಿಸಿತು. ಸಮಿತಿಯ ಶಿಫಾರಸನ್ನು ಒಪ್ಪಿ 2025ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ರಾಜಸ್ಥಾನದ 14,013 ಹಾಗೂ ಗುಜರಾತಿನ 740 ಚದರ ಕಿಲೊಮೀಟರ್ ಆದ್ಯತಾ ಪ್ರದೇಶವೆಂದು ನಿಗದಿಯಾಯಿತು. ದೊಡ್ಡ ಮಾರ್ಗಗಳು ಗೊತ್ತುಪಡಿಸಿದ ಪಟ್ಟಿಗಳಲ್ಲೇ ಸಾಗಬೇಕೆಂಬ ವ್ಯವಸ್ಥೆಯೂ ಆಯಿತು.

ಮಾರ್ಗದ ಗೆರೆಯನ್ನು ಮೊದಲೇ ಯೋಚಿಸಿ ಎಳೆಯಬೇಕೆಂಬ ಈ ಒಪ್ಪಿಗೆ, ನನ್ನ ದೃಷ್ಟಿಯಲ್ಲಿ, ಈ ತೀರ್ಪಿನ ಮುಖ್ಯಾಂಶ. ಗೋಪುರ ನಿಂತ ಮೇಲೆ ಮಾಡುವ ಉಪಾಯಗಳ ಮಿತಿ ಈಗ ಚೆನ್ನಾಗಿ ಗೊತ್ತಾಗಿದೆ. ಹಕ್ಕಿಗಳಿಗೆ ಕಾಣಲೆಂದು ತಂತಿಗೆ ತೂಗುಹಾಕುವ ಬಿಲ್ಲೆಗಳನ್ನೇ ನೋಡಿ. ದಕ್ಷಿಣ ಆಫ್ರಿಕಾದ ಕಾರೂ ಬಯಲಿನಲ್ಲಿ ವರ್ಷಗಟ್ಟಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇವು ಅಲ್ಲಿನ ನೀಲಿ ಕ್ರೌಂಚಗಳ ಸಾವನ್ನು ಶೇಕಡ 92ರಷ್ಟು ತಗ್ಗಿಸಿದವು. ಎರೆಭೂತದ ಬಂಧುವಾದ ಅಲ್ಲಿನ ಬಸ್ಟರ್ಡ್‌ಗೆ ಮಾತ್ರ ಯಾವ ಪ್ರಯೋಜನವೂ ಆಗಲಿಲ್ಲ. ಎದುರಿಗೆ ನೋಡದ ಹಕ್ಕಿಗೆ ಎದುರಿನ ಬಿಲ್ಲೆಯಿಂದೇನು? ಹಾಗೆಂದು ಬಿಲ್ಲೆ ಬೇಡವೆಂದಲ್ಲ, ಉಳಿದ ಹಕ್ಕಿಗಳಿಗೆ ಅದು ಬೇಕು. ಕಂಬದ ಮೇಲೆ ಕೂರುವ ರಣಹದ್ದು, ಗಿಡುಗಗಳು ಎರಡು ತಂತಿಗಳ ನಡುವೆ ರೆಕ್ಕೆ ಬಿಚ್ಚಿ ಸುಟ್ಟುಹೋಗದಂತೆ ತಂತಿಗೆ ಹೊದಿಕೆ ಬೇಕು. ನಮ್ಮ ಕೊಡಗು, ಹಾಸನಗಳಲ್ಲಿ ಆನೆಯ ಸೊಂಡಿಲಿಗೆ ಎಟುಕುವಂತೆ ಜೋತುಬಿದ್ದ ತಂತಿಗಳನ್ನು ಎತ್ತರಿಸಬೇಕು. ಕಾಮಗಾರಿಯನ್ನು ಮೊಟ್ಟೆಯಿಡುವ ತಿಂಗಳುಗಳಲ್ಲಿ ನಿಲ್ಲಿಸಬೇಕು. ಕಾರ್ಮಿಕರ ಬಿಡಾರದ ಎಂಜಲಿಗೆ ಬರುವ ನಾಯಿ, ಗೋಪುರದಲ್ಲಿ ನೆಲೆಯೂರುವ ಕಾಗೆ ಇವೆರಡೂ ನೆಲದ ಮೇಲಿನ ಮೊಟ್ಟೆಗೆ ಎರವೆಂಬುದನ್ನು ಗುತ್ತಿಗೆದಾರನಿಗೆ ತಿಳಿಸಬೇಕು. ಆದರೆ ಇವೆಲ್ಲ ಎರಡನೆಯ ಹಂತದ ಮಾತು.

ಜೈಸಲ್ಮೇರಿನಲ್ಲಿ 2019ರಿಂದ ಎರೆಭೂತದ ಮೊಟ್ಟೆಗಳನ್ನು ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮೊದಲ ಮರಿಯೂ ಹೊರಬಂತು. ಅವುಗಳನ್ನು ಬಯಲಿಗೆ ಬಿಡುವ ದಿನ ತಂತಿಯಿಲ್ಲದ ಬಯಲು ಎಲ್ಲಿ ಉಳಿದಿರುತ್ತದೆ ಎಂಬುದು ಅಲ್ಲಿನ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಈ ಪ್ರಶ್ನೆ ನಮಗೂ ಇದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತಗಳು ಕಾಣಿಸಿಕೊಂಡಿವೆ. ಸುತ್ತಲಿನ ಬಯಲುಸೀಮೆಯ ಜಿಲ್ಲೆಗಳು ಗಾಳಿಯಂತ್ರ, ಸೌರಫಲಕಗಳ ನಾಡಾಗಿವೆ. ಅಲ್ಲಿಂದ ಹೊರಡುವ ತಂತಿಗಳು ಇನ್ನೂ ಹೆಚ್ಚಲಿವೆ. ಆ ಕೆಲವೇ ಹಕ್ಕಿಗಳು ಯಾವ ತಿಂಗಳಲ್ಲಿ ಯಾವ ಹೊಲಕ್ಕೆ ಇಳಿಯುತ್ತವೆ, ಎಷ್ಟು ಎತ್ತರದಲ್ಲಿ ಎತ್ತ ಹಾರುತ್ತವೆ, ಯಾವ ರೈತನ ಕಡಲೆ ಹೊಲದ ಬದುವಿನಲ್ಲಿ ಮಧ್ಯಾಹ್ನ ಕಳೆಯುತ್ತವೆ ಎಂದು 1939ರ ಆ ಮನುಷ್ಯನಂತೆ ನಡೆದು ನೋಡಿ ಬರೆದಿಡುವ ಕೆಲಸ ಮುಂದಿನ ಮಾರ್ಗದ ಸರ್ವೆ ಕಲ್ಲು ನೆಡುವ ಮೊದಲು ಮುಗಿಯಬೇಕು.